ಮೊದಲ ಗಿರಾಕಿ

ಪುಣೆಯ ಖಡಕಿ ಬಜಾರಿನ ಚೌಕದಲ್ಲಿ ಕಳೆದ ವಾರ ಒಂದು ಫ್ಲೆಕ್ಸ್ ನಿಲ್ಲಿಸಿದ್ದಾರೆ. ಮೇಲೆ ದೊಡ್ಡ ಅಕ್ಷರದಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’. ಅದರ ಕೆಳಗೆ ಆಕೆಯ ಫೋಟೊ. ಆಧಾರ್ ಕಾರ್ಡಿನದನ್ನೇ ಹಿಗ್ಗಿಸಿದ್ದರಿಂದ ಮೂಗು ಬಾಯಿ ಒಂದಕ್ಕೊಂದು ಕಲಸಿಹೋಗಿವೆ. ಹೆಸರಿನ ಜಾಗದಲ್ಲಿ ಮರಾಠಿಯಲ್ಲಿ ‘ನಮ್ಮೆಲ್ಲರ ಪ್ರೀತಿಯ ಮಾವಶಿ’, ಅಂದರೆ ಚಿಕ್ಕಮ್ಮ, ಎಂದಷ್ಟೇ ಇದೆ. ಸುತ್ತ ಹನ್ನೊಂದು ಗಂಡಸರು ಕೈಮುಗಿದು ನಿಂತಿದ್ದಾರೆ: ಕಿರಾಣಿ ಅಂಗಡಿಯವ, ಔಷಧಿ ಅಂಗಡಿಯವ, ಶೌಚಾಲಯದ ಗುತ್ತಿಗೆದಾರ, ಮುಂದಿನ ಚುನಾವಣೆಗೆ ನಿಲ್ಲುವ ಆಸೆಯಿರುವ ಒಬ್ಬ, ಅವನ ಹಿಂದೆ ಓಡಾಡುವವರು. ಅವರ ಮುಖಗಳೆಲ್ಲ ಸ್ಪಷ್ಟವಾಗಿವೆ. ಸ್ಟುಡಿಯೋಕ್ಕೆ ಹೋಗಿ ತೆಗೆಸಿಕೊಂಡವು.

ಅದನ್ನು ನೋಡಿದ ದಿನದಿಂದ ನನಗೆ ಊಟ ಸೇರುತ್ತಿಲ್ಲ. ದುಃಖದಿಂದಲ್ಲ, ಸಿಟ್ಟಿನಿಂದ. ಆಕೆಗೆ ಒಂದು ಹೆಸರಿತ್ತು. ಇದ್ದಾಗ ಇವರ್‍ಯಾರೂ ಕೇಳಲಿಲ್ಲ, ಸತ್ತ ಮೇಲೂ ಯಾರಿಗೂ ಬೇಕಾಗಲಿಲ್ಲ. ನನಗೆ ಗೊತ್ತಿದೆ, ಆದರೆ ನಾನೂ ಇಲ್ಲಿ ಬರೆಯುವುದಿಲ್ಲ. ಅದನ್ನು ಬರೆಯುವ ಯೋಗ್ಯತೆಯನ್ನು ನಾನು ಹೇಗೆ ಕಳೆದುಕೊಂಡೆ ಎಂಬುದು ಮುಂದೆ ತಿಳಿಯುತ್ತದೆ.

ಆಕೆ ಬಜಾರಿನ ದುಡ್ಡು ಕೊಟ್ಟು ಹೋಗುವ ಶೌಚಾಲಯದ ಬಾಗಿಲಲ್ಲಿ ಕೂರುತ್ತಿದ್ದಳು. ಎದುರಿಗೇ ನಮ್ಮ ಬ್ಯಾಂಕು. ನಾನು ಅಲ್ಲಿ ನಗದು ಕೌಂಟರಿನಲ್ಲಿ ಕೂತು ಇಪ್ಪತ್ತು ವರ್ಷದ ಮೇಲಾಯಿತು. ನಮ್ಮ ಶಾಖೆಯ ಹೆಂಗಸರ ಶೌಚಾಲಯ ಕೆಟ್ಟು, ಅದರ ದುರಸ್ತಿಯ ಅರ್ಜಿ ಮೇಲಿನ ಕಚೇರಿಗೆ ಹೋಗಿ ಅಲ್ಲೇ ಮಲಗಿಬಿಟ್ಟಿತ್ತು. ಹಾಗಾಗಿ ನಾವು ನಾಲ್ಕು ಜನ ಹೆಂಗಸರು ದಿನಕ್ಕೆರಡು ಸಲ ರಸ್ತೆ ದಾಟಿ ಆಕೆಯ ಬಳಿ ಹೋಗುತ್ತಿದ್ದೆವು. ನಾನು ಧಾರವಾಡದವಳು, ಆಕೆ ಯಾದಗಿರಿ ಕಡೆಯವಳು. ಮೊದಲ ದಿನ ನಾನು ಮರಾಠಿಯಲ್ಲಿ ಏನೋ ಕೇಳಿದೆ. ಆಕೆ ನನ್ನ ಮುಖ ನೋಡಿ, “ಕನ್ನಡದಾಗ ಮಾತಾಡ್ರಿ ಅಕ್ಕೋರ, ನಿಮ್ಮ ಮರಾಠಿ ನನ್ನ ಮರಾಠಿಗಿಂತ ಕೆಟ್ಟದ” ಎಂದಳು. ಅವತ್ತಿನಿಂದ ನಾನು ಬ್ಯಾಂಕಿನಕ್ಕೋರು.

ಪುಣೆಗೆ ಗಾರೆ ಕೆಲಸಕ್ಕೆ ಬಂದವಳು. ವಾಕಡದ ಎತ್ತರದ ಕಟ್ಟಡಗಳಲ್ಲಿ ಎರಡೋ ಮೂರೋ ಆಕೆ ಬುಟ್ಟಿ ಹೊತ್ತು ಕಟ್ಟಿದವು. ಸಾರುವೆಯಿಂದ ಬಿದ್ದು ಎಡಗಾಲು ಗಿಡ್ಡವಾದ ಮೇಲೆ ಬುಟ್ಟಿ ಹೊರುವುದು ನಿಂತು, ಈ ಕೆಲಸ ಸಿಕ್ಕಿತು. ಗಂಡ ಹಿಂದೆಯೇ ತೀರಿಹೋಗಿದ್ದ. ಊರಲ್ಲಿ ಒಬ್ಬ ತಮ್ಮನಿದ್ದ. ಇಷ್ಟೇ ನನಗೆ ಗೊತ್ತಿರುವುದು. ಬುಡಮೇಲು ಮಾಡಿದ ಬಕೆಟ್ಟಿನ ಮೇಲೆ ಕೂತು, ಒಳಗೆ ನೀರು ಜಾಸ್ತಿ ಸುರಿಯುವವರನ್ನು ಸದ್ದಿನಿಂದಲೇ ಗುರುತಿಸಿ ಬೈಯುತ್ತಿದ್ದಳು. ಪಿಂಚಣಿ ತೆಗೆದುಕೊಳ್ಳಲು ಬ್ಯಾಂಕಿಗೆ ಬರುವ ಸೈನ್ಯದ ಮಾಜಿ ಸುಬೇದಾರರನ್ನೂ ಬಿಡುತ್ತಿರಲಿಲ್ಲ.

ಆಕೆಯ ಸಂಬಳದ ಕಥೆ ಹೇಳಬೇಕು. ಗುತ್ತಿಗೆದಾರ ಬಾಗಿಲಿಗೆ ತನ್ನ ಖಾತೆಯ ಕ್ಯೂಆರ್ ಕೋಡ್ ಅಂಟಿಸಿದ್ದ. ಫೋನಿನಲ್ಲಿ ಕೊಟ್ಟದ್ದು ಅವನಿಗೆ ಹೋಗುತ್ತಿತ್ತು. ಸಂಜೆ ಬಂದು ತಟ್ಟೆಯಲ್ಲಿದ್ದ ನೋಟುಗಳನ್ನು ಆರಿಸಿಕೊಂಡು ಹೋಗುತ್ತಿದ್ದ. ಉಳಿದ ಹತ್ತು ರೂಪಾಯಿಯ ನಾಣ್ಯಗಳು ಆಕೆಯ ಕೂಲಿ. “ಹೇ ತುಲಾಚ್, ಮಾವಶಿ,” ಇವೆಲ್ಲ ನಿನಗೇ, ಎನ್ನುತ್ತಿದ್ದ, ದಾನ ಮಾಡಿದವನ ಹಾಗೆ.

ಮತ್ತು ಆ ನಾಣ್ಯಗಳು ಅಲ್ಲಿಗೆ ಹೇಗೆ ಬರುತ್ತಿದ್ದವು? ನಾನು ಕೊಡುತ್ತಿದ್ದೆ. ನೀವೂ ಕೊಟ್ಟಿದ್ದೀರಿ. ಹತ್ತರ ನಾಣ್ಯ ಕೈಗೆ ಬಂದರೆ ನಮ್ಮ ಜನಕ್ಕೆ ಚೇಳು ಹಿಡಿದ ಹಾಗಾಗುತ್ತದೆ. ಅಂಗಡಿಯವ ‘ಚಾಲತ್ ನಾಹೀ’, ನಡೆಯುವುದಿಲ್ಲ, ಎನ್ನುತ್ತಾನೆ. ಯಾಕಯ್ಯಾ ಅಂದರೆ ಗಿರಾಕಿ ತೆಗೆದುಕೊಳ್ಳುವುದಿಲ್ಲ ಎನ್ನುತ್ತಾನೆ. ಗಿರಾಕಿಯನ್ನು ಕೇಳಿದರೆ ಅಂಗಡಿಯವ ತೆಗೆದುಕೊಳ್ಳುವುದಿಲ್ಲ ಎನ್ನುತ್ತಾನೆ. ಫೋನಿನಲ್ಲಿ ಯಾರೋ ಕಳಿಸಿದ್ದರು, ಇಷ್ಟು ಗೆರೆ ಇದ್ದರೆ ಅಸಲಿ, ಅಷ್ಟು ಗೆರೆ ಇದ್ದರೆ ಖೋಟಾ ಎಂದು. ಡಬಲ್ ಡಿಗ್ರಿ ಮಾಡಿದವರು ಕನ್ನಡಕ ಏರಿಸಿ ಗೆರೆ ಎಣಿಸುತ್ತಾರೆ. ಅದೇ ಜನ ಹತ್ತರ ನೋಟನ್ನು ಹೇಗಿದ್ದರೂ ಒಪ್ಪುತ್ತಾರೆ. ನಡುವೆ ಸೀಳಿ ಟೇಪು ಹಾಕಿದ್ದು, ಮೀನಿನ ವಾಸನೆ ಬಡಿದದ್ದು, ಬಣ್ಣ ಹೋಗಿ ಒರೆಸುವ ಬಟ್ಟೆಯಷ್ಟು ಮೆತ್ತಗಾದದ್ದು, ಎಲ್ಲವನ್ನೂ ಮಡಿಸಿ ಜೇಬಿನಲ್ಲಿಡುತ್ತಾರೆ. ನಮ್ಮ ಕೌಂಟರಿನಲ್ಲಿ ನಾಣ್ಯದ ಪೊಟ್ಟಣ ಕೊಡಲು ಹೋದರೆ ನಾನು ಅವರ ಅಪ್ಪನನ್ನು ಬೈದೆನೇನೋ ಎಂಬಂತೆ ನೋಡುತ್ತಾರೆ. “ನೋಟಾ ದ್ಯಾ ಮ್ಯಾಡಮ್,” ನೋಟು ಕೊಡಿ, ಜೇಬು ಹರಿಯುತ್ತದೆ, ಎಂದು ಒಬ್ಬರು ಹೇಳಿದರು. ಅವರ ಜೇಬಿನಲ್ಲಿ ಕಾರಿನ ಬೀಗದಕೈ, ಎರಡು ಫೋನು, ಹಲ್ಲುಕಡ್ಡಿಯ ಡಬ್ಬಿ ಎಲ್ಲ ಇದ್ದವು.

ಹೀಗೆ ಯಾರಿಗೂ ಬೇಡವಾದ ನಾಣ್ಯ ಕೈಯಿಂದ ಕೈಗೆ ಇಳಿಯುತ್ತ ಹೋಗಿ, ಬೇಡ ಅನ್ನಲಾಗದವರ ತಟ್ಟೆಗೆ ಬೀಳುತ್ತದೆ. ನಮ್ಮ ಬ್ಯಾಂಕಿನ ಹೆಂಗಸರು ಅದಕ್ಕಾಗಿಯೇ ಒಂದು ಬಟ್ಟಲು ಇಟ್ಟಿದ್ದೆವು. ಮನೆಯಿಂದ ತಂದ ಹತ್ತರ ನಾಣ್ಯಗಳನ್ನೆಲ್ಲ ಅದರಲ್ಲಿ ಹಾಕುತ್ತಿದ್ದೆವು. ‘ಮಾವಶಿಗೆ ಇರಲಿ’ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವಾಗ ನಮಗೆ ಪುಣ್ಯದ ಕೆಲಸ ಮಾಡಿದಷ್ಟು ಸಮಾಧಾನವಿರುತ್ತಿತ್ತು. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಆಕೆ ಆ ನಾಣ್ಯಗಳನ್ನು ದಿನಾ ಸಂಜೆ ತೊಳೆಯುತ್ತಿದ್ದಳು. ಸೋಪಿನ ನೀರಲ್ಲಿ ಒಂದೊಂದನ್ನೇ ಉಜ್ಜಿ, ಟವೆಲಿನ ಮೇಲೆ ಸಾಲಾಗಿ ಹರಡಿ ಒಣಗಿಸುತ್ತಿದ್ದಳು. ಶೌಚಾಲಯದ ದುಡ್ಡು ಎಂದು ಯಾರೂ ಮೂಗು ಮುರಿಯಬಾರದು, ಅದಕ್ಕೆ. “ಕೆಲಸ ಹೊಲಸಿರಬೋದ್ರಿ, ರೊಕ್ಕ ಹೊಲಸಲ್ಲ. ನಿಮ್ಮ ನೋಟು ಹಿಂಗ ತೊಳಿಯಾಕ ಬರ್ತದೇನು, ಹೇಳ್ರಿ?” ಎಂದು ನನ್ನನ್ನು ಕೇಳಿದ್ದಳು. ನಾಣ್ಯದ ಮೇಲಿನ ಸಿಂಹ ತೋರಿಸಿ, “ಸರಕಾರದವ್ರು ಸುಮ್ಮ ಸುಮ್ಮನ ಸಿಂಹ ಹಾಕ್ತಾರೇನ್ರಿ?” ಎಂದಿದ್ದಳು. ಆಗ ಆಕೆಗೆ ತನ್ನ ದುಡ್ಡಿನ ಬಗ್ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ತಪ್ಪು ಅಂಗಡಿಯವರದು, ಸೊಕ್ಕು ಅವರದು ಎಂದೇ ನಂಬಿದ್ದಳು.

ತೊಳೆದು ಒಣಗಿಸಿದರೂ ಖರ್ಚಾಗಬೇಕಲ್ಲ? ಅದಕ್ಕೆ ಆಕೆ ಒಂದು ದಾರಿ ಕಂಡುಕೊಂಡಿದ್ದಳು. ಬಜಾರಿನಲ್ಲಿ ಯಾವ ಅಂಗಡಿಯೂ ಬೋಣಿಯ ದುಡ್ಡನ್ನು ಬೇಡ ಅನ್ನುವುದಿಲ್ಲ. ಬಾಗಿಲು ತೆರೆದು, ನೀರು ಚಿಮುಕಿಸಿ, ಊದುಬತ್ತಿ ಹಚ್ಚಿದ ಮೇಲೆ ಬರುವ ಮೊದಲ ಗಿರಾಕಿ ಲಕ್ಷ್ಮಿ. ಆತ ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಲೇಬೇಕು. ವಾಪಸು ಕಳಿಸಿದರೆ ದಿನವೆಲ್ಲ ವ್ಯಾಪಾರ ಕೆಡುತ್ತದೆ ಎಂಬ ಭಯ. ಆಕೆ ಆ ಭಯದ ಮೇಲೆ ಜೀವನ ಮಾಡುತ್ತಿದ್ದಳು. ಯಾವ ಅಂಗಡಿಯ ಬಾಗಿಲು ಎಷ್ಟಕ್ಕೆ ಏಳುತ್ತದೆ ಎಂಬುದು ಆಕೆಗೆ ಬಾಯಿಪಾಠ. ಹಾಲಿನವನದು ಐದೂವರೆಗೆ, ತರಕಾರಿಯವಳದು ಆರೂವರೆಗೆ, ಕಿರಾಣಿ ಏಳೂವರೆಗೆ, ಔಷಧಿ ಅಂಗಡಿ ಒಂಬತ್ತಕ್ಕೆ. ಇವತ್ತು ಒಂದು, ನಾಳೆ ಇನ್ನೊಂದು. ಕುಂಟುಗಾಲು ಎಳೆದುಕೊಂಡು ಹೋಗಿ, ಎದುರು ಬದಿಯಲ್ಲಿ ಕಾದು ನಿಂತು, ಊದುಬತ್ತಿಯ ಹೊಗೆ ಎದ್ದ ಕ್ಷಣ ಮೆಟ್ಟಿಲ ಮೇಲಿರುತ್ತಿದ್ದಳು. “ಬೋಣಿ ಕರಾ, ದಾದಾ,” ಬೋಣಿ ಮಾಡಿ ಅಣ್ಣಾ, ಎಂದು ಮಿರಮಿರ ಮಿಂಚುವ ನಾಣ್ಯ ಚಾಚುತ್ತಿದ್ದಳು. ಅವರು ಹಲ್ಲು ಕಡಿಯುತ್ತ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಇದನ್ನು ಆಕೆ ನನಗೆ ನಟಿಸಿ ತೋರಿಸಿದ ದಿನ ನಾನು ನಗುತ್ತ ಅಲ್ಲೇ ಗೋಡೆ ಹಿಡಿದುಕೊಂಡಿದ್ದೆ.

ಕಿರಾಣಿಯವ ಸ್ವಲ್ಪ ದಿನಕ್ಕೆ ಹುಷಾರಾದ. ಬಾಗಿಲು ತೆಗೆದೊಡನೆ ಮಾಳಿಗೆಯಿಂದ ಹೆಂಡತಿಯನ್ನು ಕರೆದು, ಅವಳ ಕೈಯಿಂದ ಹತ್ತರ ನೋಟು ಈಸಿಕೊಂಡು ಒಂದು ಕಡ್ಡಿಪೆಟ್ಟಿಗೆ ಮಾರತೊಡಗಿದ. ಬೋಣಿ ಆಯಿತಲ್ಲ, ಇನ್ನು ಆಕೆಯನ್ನು ಅಟ್ಟಬಹುದು. “ಮನಿ ತುಂಬ ಕಡ್ಡಿಪೆಟಗಿ ಆಗಿರ್ತಾವ್ರಿ ಆ ಹೆಣಮಗಳಿಗೆ” ಎಂದು ಆಕೆ ನಕ್ಕಳು. ಔಷಧಿ ಅಂಗಡಿಯವನಿಗೆ ಆ ಉಪಾಯ ನಡೆಯಲಿಲ್ಲ. ಅವನ ಮನೆ ಇದ್ದದ್ದು ವಾಕಡದಲ್ಲಿ. ಸ್ಕೂಟರಿನಲ್ಲಿ ಒಬ್ಬನೇ ಬರುತ್ತಿದ್ದ.

ಆಕೆಗೆ ಆ ಔಷಧಿ ಅಂಗಡಿಯ ಬೋಣಿಯೇ ಮುಖ್ಯವಾಗಿತ್ತು. ರಕ್ತದೊತ್ತಡ ಮಿತಿ ಮೀರಿತ್ತು. ಒಂದು ದಿನವೂ ಗುಳಿಗೆ ಬಿಡಬೇಡ, ಬಿಟ್ಟರೆ ಲಕ್ವ ಹೊಡೆಯುತ್ತದೆ ಎಂದು ಸರ್ಕಾರಿ ಆಸ್ಪತ್ರೆಯ ಡಾಕ್ಟರು ಹೆದರಿಸಿದ್ದರು. ಅಲ್ಲಿ ಗುಳಿಗೆ ಆಗಾಗ ಮುಗಿದಿರುತ್ತಿದ್ದುದರಿಂದ ಹೊರಗೆ ಕೊಳ್ಳಬೇಕಾಗಿತ್ತು. ಹತ್ತು ಗುಳಿಗೆಯ ಪಟ್ಟಿಗೆ ಮೂರು ನಾಣ್ಯ. ಹತ್ತು ದಿನಕ್ಕೊಮ್ಮೆ ಒಂಬತ್ತು ಗಂಟೆಗೆ ಆಕೆ ತಪ್ಪದೆ ಅಲ್ಲಿ ನಿಂತಿರುತ್ತಿದ್ದಳು.

ಒಮ್ಮೆ ಮಲ್ಲಯ್ಯನ ದರ್ಶನಕ್ಕೆ ಜೇಜುರಿಗೆ ಹೋಗಿಬಂದಳು. ಊರ ಕಡೆಯವರು ಟೆಂಪೋ ಮಾಡಿಕೊಂಡು ಹೊರಟಿದ್ದರು. ತಿರುಗಿ ಬಂದಾಗ ಹಣೆಯ ಮೇಲೆ ಭಂಡಾರದ ಅರಿಶಿನವಿರಲಿಲ್ಲ. ಯಾಕೆ ಎಂದೆ. ಮೆಟ್ಟಿಲ ಬುಡದಲ್ಲಿ ಅರಿಶಿನ ಮಾರುವವ ನಾಣ್ಯ ನೋಡಿ, ಇದನ್ನು ಮೇಲೆ ಹುಂಡಿಗೆ ಹಾಕು, ನನಗೆ ನೋಟು ಕೊಡು ಎಂದನಂತೆ. “ಮಲ್ಲಯ್ಯಗ ನಡೀತದಂತ್ರಿ, ಮಲ್ಲಯ್ಯನ ಅಂಗಡಿಗೆ ನಡಿಯಂಗಿಲ್ಲಂತ. ಬರೇ ಕೈಲೇ ಕೈಮುಗದು ಬಂದ್ನಿ” ಎಂದಳು. ಆಗಲೂ ನಗುತ್ತಲೇ ಹೇಳಿದಳು.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ಬೇರೆಯವರನ್ನು ಬೈದದ್ದು ಸಾಕು.

ಅದು ತಿಂಗಳ ಮೊದಲ ದಿನಗಳು. ಖಡಕಿಯ ಬ್ಯಾಂಕುಗಳಲ್ಲಿ ಆಗ ಪಿಂಚಣಿಯವರ ಜಾತ್ರೆ. ನನ್ನ ಕಿಟಕಿಯ ಮುಂದೆ ಬಾಗಿಲ ತನಕ ಸಾಲು. ಆ ಸಾಲಿನಲ್ಲಿ ಒಂದೂವರೆ ತಾಸು ನಿಂತು ಆಕೆ ನನ್ನ ಮುಂದೆ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು, ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಕೈಯಲ್ಲಿ ಹಾಲಿನ ಪುಡಿಯ ಹಳೆಯ ಡಬ್ಬಿ. ಅದನ್ನು ಕಿಟಕಿಯ ಅಂಚಿಗಿಟ್ಟು, “ಅಕ್ಕೋರ, ಇವಕ್ಕ ನೋಟು ಕೊಡ್ರಿ. ಭಾಳ ಕೂಡ್ಯಾವ. ಬೆಳಿಗ್ಗೆ ಬೆಳಿಗ್ಗೆ ಕಾಲು ಎಳಕೊಂಡು ಓಡಾಡಾಕ ಆಗವಲ್ದು” ಎಂದಳು.

ನನ್ನ ತಲೆಯ ಹಿಂದಿನ ಗೋಡೆಗೆ ಒಂದು ಫಲಕವಿದೆ. ಎಲ್ಲ ನಾಣ್ಯಗಳನ್ನೂ ಇಲ್ಲಿ ಸ್ವೀಕರಿಸಲಾಗುತ್ತದೆ ಎಂದು ಮೂರು ಭಾಷೆಯಲ್ಲಿ ಬರೆದಿದೆ. ಆಕೆಗೆ ಓದಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಹಿಂದಿನವರು ಗೊಣಗುತ್ತಿದ್ದರು, ಎಣಿಸುವ ಯಂತ್ರ ಕೆಟ್ಟಿತ್ತು, ನನಗೆ ಬೆಳಗಿನ ಚಹಾ ಕೂಡ ಆಗಿರಲಿಲ್ಲ. ಇವೆಲ್ಲ ಕಾರಣಗಳಲ್ಲ, ಗೊತ್ತು. ನಾನು ಡಬ್ಬಿಯನ್ನು ಎರಡು ಬೆರಳಿಂದ ಆಕೆಯ ಕಡೆ ತಳ್ಳಿ ಹೇಳಿದೆ: “ಇವನ್ನ ಬ್ಯಾಂಕಿನ್ಯಾಗ ತೊಗೊಳ್ಳೂದಿಲ್ಲ. ಹಿಂದಿನವರಿಗೆ ದಾರಿ ಬಿಡು.”

“ಬ್ಯಾಂಕಿನ್ಯಾಗ ಸೈತ?” ಎಂದಳು.

“ಹೂಂ, ಬ್ಯಾಂಕಿನ್ಯಾಗ ಸೈತ. ನೆಕ್ಸ್ಟ್.”

ಆಕೆ ವಾದ ಮಾಡಲಿಲ್ಲ. ಸುಬೇದಾರರನ್ನೇ ಬಿಡದವಳು ಡಬ್ಬಿ ಎತ್ತಿಕೊಂಡು ಹೋದಳು. ಇಪ್ಪತ್ತು ವರ್ಷದಲ್ಲಿ ಇಂಥ ಸುಳ್ಳನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ. ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಕೆಲಸ ಬೇಗ ಮುಗಿಯುತ್ತದೆ.

ಆಮೇಲೆ ಆಕೆ ಮೆತ್ತಗಾದಳು. ಒಳಗೆ ನೀರು ಸುರಿಯುವವರನ್ನು ಬೈಯುವುದು ಕಡಿಮೆಯಾಯಿತು. ನಾವು ಬಟ್ಟಲಿನ ನಾಣ್ಯ ಹಾಕಿದರೆ ತಟ್ಟೆಯ ಕಡೆ ನೋಡುತ್ತಲೂ ಇರಲಿಲ್ಲ. ನಾನು ಬೆಳಿಗ್ಗೆ ಬಸ್ಸಿಳಿದು ಬರುವಾಗ ಔಷಧಿ ಅಂಗಡಿಯ ಮೆಟ್ಟಿಲ ಬಳಿ ಆಕೆ ಕಾಣಿಸಲಿಲ್ಲ. ಕಾಣಿಸಲಿಲ್ಲ ಎಂಬುದು ಆಗ ನನ್ನ ಗಮನಕ್ಕೂ ಬರಲಿಲ್ಲ. ಮೂರು ವಾರ ಕಳೆದ ಮೇಲೆ ಒಂದು ದಿನ ಮಾತ್ರ, ನಾನು ಕೈ ತೊಳೆದು ಹೊರಗೆ ಬರುತ್ತಿದ್ದಾಗ ತಡೆದು ಕೇಳಿದಳು: “ಅಕ್ಕೋರ, ಖೋಟಾ ರೊಕ್ಕ ಕೊಟ್ಟು ಬೋಣಿ ಮಾಡಿದ್ರ ಅಂಗಡಿ ಮುಳಗತದಂತ ಖರೇನ್ರಿ?”

“ನನಗೇನ್ ಗೊತ್ತು, ನಾ ಏನು ಅಂಗಡಿ ಇಟ್ಟೀನೇನು?” ಎಂದು ನಗುತ್ತ ರಸ್ತೆ ದಾಟಿದೆ. ಯಾಕೆ ಕೇಳುತ್ತಿದ್ದಾಳೆ ಎಂದು ನಿಂತು ಕೇಳಿದ್ದರೆ ಎರಡು ನಿಮಿಷ ಹೋಗುತ್ತಿತ್ತು.

ಅದಾಗಿ ಹತ್ತು ಹನ್ನೆರಡು ದಿನಕ್ಕೆ ಆಕೆ ಬಕೆಟ್ಟಿನ ಮೇಲಿಂದ ಪಕ್ಕಕ್ಕೆ ಜಾರಿಬಿದ್ದಳು. ಲಕ್ವ. ಬಲಗೈ, ಬಲಗಾಲು ಹೋದವು, ಬಾಯಿ ಸೊಟ್ಟಗಾಯಿತು. ಸರ್ಕಾರಿ ಆಸ್ಪತ್ರೆಗೆ ಸೇರಿಸಿದರು. ಬಜಾರಿಗೆ ಒಮ್ಮೆಲೇ ಕರುಣೆ ಉಕ್ಕಿತು. ಔಷಧಿ ಅಂಗಡಿಯವ ರಟ್ಟಿನ ಡಬ್ಬಕ್ಕೆ ಸೀಳು ಕೊರೆದು, ‘ಮಾವಶಿಗೆ ಸಹಾಯ ಮಾಡಿ’ ಎಂದು ಬರೆದು ಗಲ್ಲಾದ ಪಕ್ಕ ಇಟ್ಟ. ಒಂದು ವಾರದಲ್ಲಿ ಅದು ಒಬ್ಬರಿಂದ ಎತ್ತಲಾಗದಷ್ಟು ಭಾರವಾಯಿತು. ಅವನು ಮತ್ತು ಕಿರಾಣಿಯವ ಆಚೀಚೆ ಹಿಡಿದು ಅದನ್ನು ಬ್ಯಾಂಕಿಗೆ ತಂದರು, ಹಿಂದೆ ಗುತ್ತಿಗೆದಾರ ಮತ್ತು ಚುನಾವಣೆಯ ಆಸೆಯವ. ಮ್ಯಾನೇಜರು ಎದ್ದುಬಂದು ಕೈಕುಲುಕಿದರು. ನನ್ನ ಕಿಟಕಿಯ ಮುಂದೆ ಸಾಲಿತ್ತು. ಅದನ್ನು ನಿಲ್ಲಿಸಿ, ಮೊದಲು ಇದನ್ನು ಮಾಡಿಕೊಡಿ ಎಂದರು.

ನಾನು ಡಬ್ಬ ಸುರಿದೆ. ಎಲ್ಲ ಹತ್ತರ ನಾಣ್ಯಗಳು. ಒಂದು ನೋಟು, ಹರಿದ ಹತ್ತರದ್ದಾದರೂ ಒಂದು, ಇರಲಿಲ್ಲ. ನಾವು ಹೆಂಗಸರೂ ಹಾಕಿದ್ದೆವು. ಆ ಬಟ್ಟಲನ್ನೇ ಬೋರಲು ಹಾಕಿ ಬಂದಿದ್ದೆವು. ಇಡೀ ಬಜಾರು ಮನೆಯ ಮೂಲೆ, ದೇವರ ಗೂಡು, ಕಾರಿನ ಡಬ್ಬಿ ಗುಡಿಸಿ, ಎಲ್ಲಿಯೂ ದಾಟಿಸಲಾಗದ್ದನ್ನು ಆಕೆಯ ಹೆಸರಿನಲ್ಲಿ ತಳ್ಳಿ ಕೈ ತೊಳೆದುಕೊಂಡಿತ್ತು. ಮ್ಯಾನೇಜರು ಇಬ್ಬರು ಹುಡುಗಿಯರನ್ನು ಎಣಿಸಲು ಕೂರಿಸಿದರು. ಎಲ್ಲರಿಗೂ ಚಹಾ ಬಂತು, ಫೋಟೊ ತೆಗೆದರು. ಅರ್ಧ ತಾಸಿನಲ್ಲಿ ಅಷ್ಟೂ ನಾಣ್ಯ ಹೊಸ ನೋಟಾಗಿ ನನ್ನ ಕೈಯಿಂದಲೇ ಆಚೆ ಹೋಯಿತು. “ನಾಣೀ ಚಾಲತಾತ್ ಕಾ ಬ್ಯಾಂಕೇತ್?” ಬ್ಯಾಂಕಿನಲ್ಲಿ ನಾಣ್ಯ ನಡೆಯುತ್ತವೆಯೇ, ಎಂದು ಔಷಧಿ ಅಂಗಡಿಯವ ಆಶ್ಚರ್ಯ ನಟಿಸಿದ. ನಾನು ಬಾಯಿಗೆ ಬಂದಂತೆ ಬೈದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಬೈದೆ. ಅವನು, “ಮ್ಯಾಡಮ್, ನಾನೇ ಡಬ್ಬ ಇಟ್ಟವನು” ಎಂದ. ಅದು ನಿಜವಾಗಿತ್ತು.

ಆ ನೋಟುಗಳನ್ನು ಆಸ್ಪತ್ರೆಗೆ ಮುಟ್ಟಿಸಲು ನಾನೇ ಹೋದೆ. ಕನ್ನಡ ಬರುತ್ತದೆ, ನೀವೇ ಹೋಗಿ ಎಂದರು. ಆಕೆ ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದಳು. ಮಾತು ತಡೆತಡೆದು ಬರುತ್ತಿತ್ತು, ಎಂಜಲು ಒರೆಸಿಕೊಳ್ಳುತ್ತ ಆಡುತ್ತಿದ್ದಳು. ಗುಳಿಗೆ ತಪ್ಪಿಸಿದ್ದೆಯಾ ಎಂದು ಕೇಳಿದೆ. ತಲೆಯಾಡಿಸಿದಳು.

“ಒಂದೂವರಿ ತಿಂಗಳಾತ್ರಿ.”

“ಯಾಕ? ರೊಕ್ಕ ಇತ್ತಲ್ಲ?”

“ಎಲ್ಲಿ ರೊಕ್ಕ್ರಿ. ಬ್ಯಾಂಕಿನ್ಯಾಗ ಸೈತ ಬ್ಯಾಡ ಅಂದ ಮ್ಯಾಲ ಖೋಟಾನ ಅಲ್ಲೇನ್ರಿ? ಗೊತ್ತಿಲ್ದಾಗ ಕೊಟ್ಟಿದ್ದು ಬ್ಯಾರೆ. ಗೊತ್ತಾದ ಮ್ಯಾಲ ಹ್ಯಾಂಗ ಕೊಡೂದು, ಅದೂ ಬೋಣಿಗೆ? ದಿನದ ಮೊದಲನೇ ರೊಕ್ಕ, ಕಣ್ಣಿಗೊತ್ತಿಕೊತಾರ. ಅವರಿಗೂ ಹೆಂಡ್ರು ಮಕ್ಕಳು ಅದಾವ್ರಿ.”

ಅಂದರೆ ಆಕೆಯನ್ನು ಆ ಮೆಟ್ಟಿಲಿನಿಂದ ಇಳಿಸಿದವನು ಔಷಧಿ ಅಂಗಡಿಯವನಲ್ಲ. ಅವನು ಹಲ್ಲು ಕಡಿಯುತ್ತಲಾದರೂ ಕೊಡುತ್ತಿದ್ದ. ಇಳಿಸಿದವಳು ನಾನು. ನನ್ನ ಒಂದು ಸುಳ್ಳನ್ನು ಕಾನೂನೆಂದು ನಂಬಿ, ತನ್ನನ್ನು ಕಂಡರೆ ಮುಖ ಸಿಂಡರಿಸುತ್ತಿದ್ದವರ ವ್ಯಾಪಾರ ಮುಳುಗಬಾರದೆಂದು ಆಕೆ ಗುಳಿಗೆ ಬಿಟ್ಟಿದ್ದಳು. ತಲೆದಿಂಬಿನ ಪಕ್ಕ ಅದೇ ಹಾಲಿನ ಪುಡಿಯ ಡಬ್ಬಿ, ಅರ್ಧಕ್ಕಿಂತ ಮೇಲೆ ತುಂಬಿತ್ತು.

ನಾನು ನೋಟಿನ ಲಕೋಟೆಯನ್ನು ಎಡಗೈಯಲ್ಲಿಟ್ಟೆ. ಬಜಾರಿನವರು ಕೂಡಿಸಿಕೊಟ್ಟದ್ದು, ಎಲ್ಲ ಹತ್ತರ ನಾಣ್ಯಗಳಿದ್ದವು, ಬ್ಯಾಂಕಿನಲ್ಲಿ ಬದಲಿಸಿದೆ ಎಂದೆ. ಆಕೆ ಲಕೋಟೆ ನೋಡಲಿಲ್ಲ, ನನ್ನನ್ನೇ ನೋಡಿದಳು.

“ಬ್ಯಾಂಕಿನ್ಯಾಗ ತೊಗೊಂಡ್ರೇನ್ರಿ?”

“ತೊಗೊಂಡ್ವಿ.”

“ಈಗ ಚಾಲೂ ಮಾಡ್ಯಾರೇನು?”

ಹೌದು, ಈಗ ಹೊಸ ಆರ್ಡರು ಬಂದಿದೆ ಎಂದು ಹೇಳಿಬಿಡಬಹುದಿತ್ತು. ಇನ್ನೊಂದು ಸುಳ್ಳು, ಎಷ್ಟು ಹೊತ್ತಿನ ಕೆಲಸ. ಹೇಳಲಿಲ್ಲ.

“ಮೊದಲಿಂದಾನೂ ಚಾಲೂನ ಅದಾವ. ಒಂದೂ ಖೋಟಾ ಅಲ್ಲ. ಅವತ್ತು ನಾ ಸುಳ್ಳು ಹೇಳಿದ್ನಿ. ಸಾಲು ಭಾಳ ಇತ್ತು, ಅದಕ್ಕ ಹಂಗ ಅಂದ್ನಿ.”

ಆಕೆ ಕಣ್ಣು ಮುಚ್ಚಿದಳು. ನಾನು ಬೈಗುಳಕ್ಕೆ ಕಾದೆ. ಆದರೆ ಬಾಯಿಯ ಸರಿಯಿದ್ದ ಅರ್ಧ ಸಣ್ಣಗೆ ಅಗಲವಾಯಿತು.

“ಹಂಗಾರ ನಾ ಯಾರಿಗೂ ಖೋಟಾ ಕೊಟ್ಟಿಲ್ಲ,” ಎಂದಳು. “ಇನ್ನೊಮ್ಮಿ ಹೇಳ್ರಿ ಅಕ್ಕೋರ.”

ಇನ್ನೊಮ್ಮೆ ಹೇಳಿದೆ. ಒಂದೂ ಖೋಟಾ ಅಲ್ಲ. ಮತ್ತೊಮ್ಮೆ ಹೇಳಿಸಿದಳು. ಎಷ್ಟೋ ದಿನದ ಮೇಲೆ ನಿದ್ದೆ ಬಂದವಳ ಹಾಗೆ ಉಸಿರು ಬಿಟ್ಟು ದಿಂಬಿಗೆ ತಲೆಯಿಟ್ಟಳು.

ನಾಲ್ಕು ದಿನಕ್ಕೆ ತಮ್ಮ ಬಂದು ಊರಿಗೆ ಕರೆದುಕೊಂಡು ಹೋದ. ಎರಡನೆಯ ಸಲ ಲಕ್ವ ಹೊಡೆದು ಆಕೆ ಅಲ್ಲೇ ತೀರಿಕೊಂಡಳು. ಆ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತ ಹನ್ನೊಂದು ಜನರ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಅಲ್ಲಿ ಹನ್ನೆರಡನೆಯ ಮುಖ ನನ್ನದು ಇರಬೇಕಿತ್ತು. ಆಕೆಗೆ ನನ್ನ ಮೇಲೆ ಸಿಟ್ಟು ಬರಲಿಲ್ಲ. ಬರಬೇಕಿತ್ತು.